ಹೆಪ್ಪು ಕೊಡದ ಮನೆ

ಪುಟ್ಟಬಸಮ್ಮನಿಗೆ ಜಿಪುಣಿ ಎಂಬ ಹೆಸರು ಬಂದದ್ದು ಐವತ್ತು ದಾಟಿದ ಮೇಲೆ. ಅದಕ್ಕೆ ಮುಂಚೆ ಅವಳ ಕೈ ಎಂಥದ್ದೆಂದು ಇಡೀ ಬೀದಿಗೆ ಗೊತ್ತಿತ್ತು. ತಾಳವಾಡಿಯಿಂದ ಸ್ವಲ್ಪ ದೂರದ ಆ ಊರಿನಲ್ಲಿ ಯಾರ ಮನೆಯ ಮೊಸರು ಕೆಟ್ಟರೂ, ಯಾರ ಮನೆಯ ಹಸು ಹಾಲು ಬತ್ತಿಸಿಕೊಂಡರೂ, ಹೆಂಗಸರು ಲೋಟ ಹಿಡಿದು ಬರುತ್ತಿದ್ದದ್ದು ಅವಳ ಬಾಗಿಲಿಗೆ. ಹೆಪ್ಪು ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎನ್ನುವುದು ಅಲ್ಲಿನ ರೂಢಿ. ದೀಪ ಹಚ್ಚಿದ ಮೇಲೆ ಮಾತ್ರ ಯಾರೂ ಕೊಡುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಪುಟ್ಟಬಸಮ್ಮ ಆ ಕಟ್ಟನ್ನೂ ಲೆಕ್ಕಕ್ಕಿಡದವಳು. "ಕತ್ಲಾದ್ರ ಮೊಸ್ರೇನ್ ಕಪ್ಪಾಯ್ತದಾ? ತಕಂಡ್ ಓಗಮ್ಮಿ" ಎಂದು ಸೆರಗಿನ ಮರೆಯಲ್ಲಿ ಲೋಟ ತುಂಬಿಸಿ ಕಳಿಸುತ್ತಿದ್ದಳು. ಅಂಥ ಹೆಂಗಸು ಕೊನೆಗೆ ಒಂದು ಚೊಂಬು ಪಾಚಿ ನೀರಿಗೆ ಇಲ್ಲವೆಂದಳು. ಅವಳ ಬದುಕಿನಲ್ಲಿ ಹೇಳುವಂಥದ್ದು ಬೇಕಾದಷ್ಟಿದೆ. ಆದರೆ ಆ ಒಂದು ಮಾತು ಉಳಿದದ್ದನ್ನೆಲ್ಲ ನುಂಗಿಹಾಕಿತು.

ಪಾಚಿಯನ್ನು ಮನೆಗೆ ತಂದವಳು ಮಗಳು ಶ್ವೇತ. ಒಬ್ಬಳೇ ಮಗಳು. ಅಪ್ಪ ಗುರುಮಲ್ಲಪ್ಪ ಕೋಸು, ಅರಿಸಿನ, ರಾಗಿ ಎಂದು ಹೊಲದಲ್ಲೇ ದಿನ ಕಳೆಯುವ ಮನುಷ್ಯ. ಅವನು ಆಡುವ ನಾಲ್ಕು ಮಾತಿನಲ್ಲಿ ಮೂರು ಎತ್ತುಗಳ ಪಾಲಿಗೆ ಹೋಗುತ್ತಿದ್ದವು. ಅಪ್ಪ ಆಡದೆ ಉಳಿಸಿದ ಮಾತನ್ನೆಲ್ಲ ಆಡಿ ಮುಗಿಸಲು ಮಗಳು ಹುಟ್ಟಿದ್ದಾಳೆಂದು ಪುಟ್ಟಬಸಮ್ಮ ನಗುತ್ತಿದ್ದಳು. ಶ್ವೇತ ಘಟ್ಟದ ಕೆಳಗಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದಳು. ಕೊನೆಯ ವರ್ಷದ ರಜೆಗೆ ಬರುವಾಗ ಟವೆಲ್ ಸುತ್ತಿದ ಒಂದು ಬಾಟಲಿ ತಂದಳು. ತಿಂಬಂ ಘಟ್ಟದ ತಿರುವುಗಳಲ್ಲಿ ಬಸ್ಸು ಅಷ್ಟು ಓಲಾಡಿದರೂ ಅದನ್ನು ಮಡಿಲಿನಿಂದ ಇಳಿಸಿರಲಿಲ್ಲ. ಒಳಗೆ ಕಡುಹಸಿರು ನೀರು.

"ಇದೇನವ್ವ, ಪಾಚಿ ತಂದಿದ್ದೀಯಾ? ನಮ್ಮ ಬಾನೀಲಿ ಕಟ್ಟಿರಾದು ಸಾಲ್ದಾಗಿತ್ತಾ?" ಎಂದಳು ಪುಟ್ಟಬಸಮ್ಮ.

"ಇದು ಬಾನಿ ಪಾಚಿ ಅಲ್ಲ ಕನವ್ವ. ನೀಲಿ-ಹಸಿರು ಪಾಚಿ, ಸ್ಪಿರುಲಿನಾ ಅಂತಾರೆ. ಭೂಮಿ ಮೇಲೆ ಮರ ಗಿಡ ಏನೂ ಇಲ್ದಾಗಿಂದ ಈ ಕುಲ ಅದೆ. ಒಣಗಿಸ್ಕೊಂಡು ತಿನ್ನಬೋದು."

"ಮೊದ್ಲು ನಿಮ್ಮಪ್ಪನ್ಗ ತಿನ್ಸು. ಉಳುದ್ರ ನಾನೂ ತಿಂತೀನಿ."

ಮನೆಯ ಹಿಂದೆ ಬಿಸಿಲು ಬೀಳುವ ಕಡೆ ಇಟ್ಟಿಗೆ ಜೋಡಿಸಿ, ನೀಲಿ ತಾರ್ಪಾಲು ಹಾಸಿ, ಹಸುವಿನ ಬಾನಿಗಿಂತ ಸ್ವಲ್ಪ ದೊಡ್ಡದಾದ ತೊಟ್ಟಿಯೊಂದನ್ನು ತಾಯಿ ಮಗಳು ಸೇರಿ ಮಾಡಿದರು. ನೀರಿಗೆ ಅಡುಗೆ ಸೋಡಾ, ಉಪ್ಪು, ಕಾಲೇಜಿನಿಂದ ತಂದ ಒಂದಿಷ್ಟು ಪುಡಿ. ಬಾಟಲಿಯ ಹಸಿರನ್ನು ಅದಕ್ಕೆ ಸುರಿದಾಗ ಪುಟ್ಟಬಸಮ್ಮನಿಗೆ ಅದು ಹಾಲಿಗೆ ಹೆಪ್ಪು ಹಾಕಿದಂತೆಯೇ ಕಂಡಿತು. ಕೆಲವೇ ದಿನಗಳಲ್ಲಿ ತೊಟ್ಟಿಯಿಡೀ ಹಸಿರಾಯಿತು. ಹೊತ್ತು ಹೊತ್ತಿಗೆ ಕಡ್ಡಿಪೊರಕೆಯಿಂದ ಕಲಕಬೇಕು, ಇಲ್ಲದಿದ್ದರೆ ಮೇಲೆ ಕೆನೆಗಟ್ಟಿ ಕೆಳಗಿನದಕ್ಕೆ ಬಿಸಿಲು ಹೋಗುವುದಿಲ್ಲ. ಕಲಕುವ ಕೆಲಸ ತಾಯಿಯದಾಯಿತು.

ಶ್ವೇತಳ ಓದಿನ ವಿಷಯ ಆ ಪಾಚಿಯೇ ಆಗಿತ್ತು. ಗಿಡಗಳ ಒಳಗೆ ಅವು ತಾವೇ ಮಾಡಿಕೊಳ್ಳುವ ರಸಗಳಿವೆ, ಬೇರು ಬಿಡು, ಚಿಗುರು ಒಡೆ, ಉದ್ದ ಬೆಳೆ ಎಂದು ಗಿಡಕ್ಕೆ ಹೇಳುವುದು ಆ ರಸಗಳೇ, ಅದಕ್ಕೆ ಹಾರ್ಮೋನು ಎನ್ನುತ್ತಾರೆ ಎಂದು ಒಲೆ ಮುಂದೆ ಕೂತು ಹೇಳುತ್ತಿದ್ದಳು. ಬೇರೂ ಇಲ್ಲದ ಚಿಗುರೂ ಇಲ್ಲದ ಈ ಪಾಚಿಗೆ ಗಿಡದ ರಸ ಕೊಟ್ಟರೆ ಅದು ಆ ಮಾತನ್ನು ಕೇಳುತ್ತದೆಯೇ ಎಂದು ನೋಡುವುದು ಅವಳ ಕೆಲಸ. ಕಾಲೇಜಿನಲ್ಲಿ ಅದಕ್ಕೆ ಚಿಕ್ಕ ಸೀಸೆಗಳಿದ್ದವು. ಮನೆಯಲ್ಲಿ ಅವಳು ಎಳನೀರು ತೆಗೆದುಕೊಂಡಳು, ತೆಂಗಿನ ಎಳೆ ಮೊಳಕೆಯನ್ನು ಎಬ್ಬಿಸುವ ರಸ ಅದರಲ್ಲೂ ಇದೆಯೆಂದು. ಕಿವಿಗೆ ಔಷಧಿ ಬಿಡುವ ರಬ್ಬರಿನ ಪಿಳ್ಳೆಯಿಂದ ಗಾಜಿನ ಡಬ್ಬಿಗಳಲ್ಲಿದ್ದ ಪಾಚಿಗೆ ತೊಟ್ಟು ತೊಟ್ಟಾಗಿ ಬಿಡುತ್ತಿದ್ದಳು. ಸ್ವಲ್ಪ ಬಿಟ್ಟ ಡಬ್ಬಿ ಪಕ್ಕದ್ದಕ್ಕಿಂತ ದಟ್ಟ ಹಸಿರಾಯಿತು. ಬೇಕೆಂದೇ ಜಾಸ್ತಿ ಬಿಟ್ಟ ಡಬ್ಬಿಯದು ನೊರೆಯೆದ್ದು ನಾರಿ ಸತ್ತಿತು.

"ಅಯ್ಯೋ, ಸಾಯಿಸ್ಬುಟ್ಟಲ್ಲ!" ಎಂದು ಪುಟ್ಟಬಸಮ್ಮ ಮರುಗಿದಳು.

"ಗೊತ್ತಾಗ್ಲಿ ಅಂತಾನೇ ಮಾಡಿದ್ದು. ರಸ ಜಾಸ್ತಿಯಾದ್ರೂ ತಡೆಯಲ್ಲ, ಅದರಲ್ಲಿರೋ ಸಕ್ಕರೆಗೆ ಬೇರೆ ಹುಳ ಬಂದು ಸೇರ್ಕೋತವೆ. ಅದಕ್ಕೆ ಬಾಯಿಲ್ಲ ಕನವ್ವ, ಸಾಕು ಅನ್ನಕ್ ಬರಲ್ಲ. ನಾವೇ ಕೈ ಹಿಡೀಬೇಕು. ಇನ್ನೊಂದು, ಯಾವಾಗ್ಲೂ ಒಂದು ಬಿಂದಿಗೇಲಿ ಹೆಪ್ಪು ಎತ್ತಿಡು. ಕೇಳ್ದೋರಿಗೂ ಕೊಡು. ನಾಕು ಮನೇಲಿ ಇದ್ರೆ ಇದು ಯಾವತ್ತೂ ಸಾಯಲ್ಲ."

ಎದುರು ಮನೆಯ ವೆಂಕಟಮ್ಮ ಆಗ ಅಲ್ಲೇ ಇದ್ದಳು. ಹಸುವಿಗೂ ಹಾಕಬಹುದು ಎಂದು ತಿಳಿದು ತನಗೊಂದಿಷ್ಟು ಬೇಕೆಂದಳು. "ಮುಂದಿನ ಸಲ ಬಂದಾಗ ನಿಂಗೂ ಒಂದು ತೊಟ್ಟಿ ಮಾಡ್ಕೊಡ್ತೀನಿ ಚಿಕ್ಕವ್ವ" ಎಂದು ಶ್ವೇತ ಮಾತು ಕೊಟ್ಟಳು.

ಮುಂದಿನ ಸಲ ಬಂದವಳು ಜ್ವರ ಹೊತ್ತುಕೊಂಡೇ ಬಂದಳು. ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋದವರು ಅವಳನ್ನು ಬಟ್ಟೆಯಲ್ಲಿ ಸುತ್ತಿ ವಾಪಸು ತಂದರು. ಇದಕ್ಕಿಂತ ಹೆಚ್ಚಿಗೆ ಅದರ ಬಗ್ಗೆ ಹೇಳುವ ಮನಸ್ಸಾಗುವುದಿಲ್ಲ. ಅರಿಸಿನದ ಹೊಲದ ಮೂಲೆಯಲ್ಲಿ, ತಮ್ಮವರ ಕ್ರಮದಂತೆ ಕೂರಿಸಿ, ಕೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದರು. ಮನೆಗೆ ಬಂದ ಪುಟ್ಟಬಸಮ್ಮ ಅಳುವ ಹೆಂಗಸರ ನಡುವಿನಿಂದ ಎದ್ದು ಹಿತ್ತಲಿಗೆ ಹೋದಳು. ದಿನವಿಡೀ ಯಾರೂ ಕಲಕದ ತೊಟ್ಟಿಯ ಮೇಲೆ ಹಸಿರು ಕೆನೆಗಟ್ಟಿತ್ತು. ಪೊರಕೆ ತೆಗೆದುಕೊಂಡು ಕಲಕಿದಳು. ಕೆನೆ ಒಡೆದು ನೀರು ಮತ್ತೆ ಆಡತೊಡಗಿತು. ಮಗಳ ಕೈ ಮುಟ್ಟಿದ ವಸ್ತು ಮನೆಯಲ್ಲಿ ಬೇಕಾದಷ್ಟಿದ್ದವು, ಆದರೆ ಉಸಿರಾಡುವುದು ಇದೊಂದೇ ಎಂದು ಅವಳಿಗೆ ಅನ್ನಿಸಿತು.

ಅಲ್ಲಿಂದಾಚೆಗೆ ಆ ತೊಟ್ಟಿ ಅವಳಿಗೆ ಪಾಚಿಯಾಗಿ ಉಳಿಯಲಿಲ್ಲ. ಬೆಳಿಗ್ಗೆ ಎದ್ದು ಲಿಂಗಪೂಜೆಗೂ ಮುಂಚೆ ಅಲ್ಲಿಗೆ ಹೋಗುವಳು. ಕಲಕುತ್ತ ಮಾತಾಡುವಳು. ನಿಮ್ಮಪ್ಪ ನೆನ್ನೆ ಉಣ್ಣಲಿಲ್ಲ, ಕೋಸಿಗೆ ಹುಳ ಬಿದ್ದಿದೆ, ಆನೆ ಬಂದು ಬೇಲಿ ಮುರಿಯಿತು. ಗುರುಮಲ್ಲಪ್ಪ ನೋಡಿಯೂ ನೋಡದವನಂತೆ ಎತ್ತು ಹೊಡೆದುಕೊಂಡು ಹೋಗುವನು. ಅವನಿಗಾದರೂ ಹೊಲದ ಮೂಲೆಯಿತ್ತು. ಅವಳಿಗೆ ಅಲ್ಲಿಗೆ ಹೋಗಿ ನಿಲ್ಲುವ ಧೈರ್ಯ ಬರಲೇ ಇಲ್ಲ.

ಬೇಸಿಗೆಯಲ್ಲಿ ಒಂದು ದಿನ ವೆಂಕಟಮ್ಮ ಚೊಂಬು ಹಿಡಿದು ಬಂದಳು.

"ಪುಟ್ಟಬಸಕ್ಕ, ಒಂದು ಚೊಂಬು ಪಾಚಿ ಎಪ್ಪು ಕೊಡಕ್ಕ. ಅಸ ಸರ್ಯಾಗಿ ಆಲು ಕೊಡ್ತಿಲ್ಲ, ಸೊಸ ಬೇರೆ ಬಸ್ರಿ. ಶ್ವೇತವ್ವ ಕೊಡ್ತೀನಿ ಅಂದಿತ್ತಲ್ಲ."

ಪುಟ್ಟಬಸಮ್ಮನಿಗೆ ಮೈ ಉರಿಯಿತು. ತನ್ನ ಮಗಳನ್ನು ಚೊಂಬಿನಲ್ಲಿ ಮೊಗೆದು ಹಸುವಿನ ಬಾನಿಗೆ ಹಾಕಬೇಕಂತೆ! "ಇಲ್ಲ ಕನ ವೆಂಕಟಮ್ಮ. ಅದು ಕೊಡಾ ಅಂತದ್ದಲ್ಲ" ಎಂದಳು. ವೆಂಕಟಮ್ಮ ತಪ್ಪು ಕೇಳಿಸಿಕೊಂಡೆನೇನೋ ಎಂಬಂತೆ ನಿಂತೇ ಇದ್ದಳು. ಆ ಬಾಗಿಲಲ್ಲಿ ಆ ಮಾತನ್ನು ಅವಳು ಯಾವತ್ತೂ ಕೇಳಿದವಳಲ್ಲ. ಆಮೇಲೆ ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟುಹೋದಳು. ಬೇರೆಯವರೂ ಬಂದರು, ಕೆಲವರು ನಿಜಕ್ಕೂ ಬೇಕಾಗಿ, ಕೆಲವರು ಪುಟ್ಟಬಸಮ್ಮ ಇಲ್ಲವೆನ್ನುವುದನ್ನು ಕಣ್ಣಾರೆ ನೋಡಲು. ಎಲ್ಲರಿಗೂ ಅದೇ ಉತ್ತರ ಸಿಕ್ಕಿತು.

ಹೀಗಿರುವಾಗ ಒಂದು ಬೆಳಿಗ್ಗೆ ರಾತ್ರಿ ತೊಟ್ಟಿಗೆ ಮುಚ್ಚುತ್ತಿದ್ದ ಇನ್ನೊಂದು ತಾರ್ಪಾಲಿನ ಅಂಚಿನ ಕಲ್ಲು ಪಕ್ಕಕ್ಕೆ ಸರಿದಿತ್ತು. ನೆಲದ ಮೇಲೆ ಹಸಿರು ಹನಿಗಳು ಬಿದ್ದಿದ್ದವು. ಪುಟ್ಟಬಸಮ್ಮ ತಲೆಗೂದಲು ಕೂಡ ಕಟ್ಟದೆ ಬೀದಿಗೆ ಬಂದಳು. ಬೊಗಸೆ ತುಂಬ ಮಣ್ಣು ಬಾಚಿ ಆಕಾಶಕ್ಕೆ ತೂರಿದಳು. "ನನ್ನ ಮಗಳ ಮೈ ಮುಟ್ಟಿರೋರ ಮನೇಲಿ ತೊಟ್ಲು ತೂಗದೇ ಓಗ್ಲಿ!" ಎಂದು ಕಿರುಚಿದಳು. ಆ ಊರಿನಲ್ಲಿ ಮಣ್ಣು ತೂರಿ ಹಾಕಿದ ಶಾಪವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಅದರಲ್ಲೂ ಮಗಳನ್ನು ಮಣ್ಣು ಮಾಡಿದ ತಾಯಿಯದು. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಅವತ್ತಿನಿಂದ ಅವಳ ಹಿತ್ತಲಿನ ಹತ್ತಿರ ಯಾರೂ ಸುಳಿಯಲಿಲ್ಲ.

ಮಳೆಗಾಲ ಹಿಡಿಯಿತು. ಬೆಟ್ಟದ ಮೇಲಿನ ಮೋಡ ದಿನಗಟ್ಟಲೆ ಕದಲದೆ ಕೂತಿತು. ಬಿಸಿಲಿಲ್ಲದೆ, ಬೆಚ್ಚಗಿಲ್ಲದೆ ತೊಟ್ಟಿಯ ಹಸಿರು ಕಂದತೊಡಗಿತು. ಪುಟ್ಟಬಸಮ್ಮನಿಗೆ ತಿಳಿದದ್ದು ಮೊಸರಿನ ವಿದ್ಯೆ. ಚಳಿಯಲ್ಲಿ ಹಾಲು ಹೆಪ್ಪುಗಟ್ಟದಿದ್ದರೆ ಇನ್ನಷ್ಟು ಹೆಪ್ಪು ಹಾಕಬೇಕು. ಬಿಂದಿಗೆಯಲ್ಲಿ ಎತ್ತಿಟ್ಟದ್ದನ್ನೂ ತಂದು ತೊಟ್ಟಿಗೇ ಸುರಿದಳು. ಬಣ್ಣ ಕೊಂಚ ಏರಿತು, ಮತ್ತೆ ಇಳಿಯಿತು. ಮಗಳು ಎರಡನೇ ಸಲ ಕೈಯಿಂದ ಜಾರುತ್ತಿದ್ದಾಳೆ ಎಂದು ಅವಳು ಊಟ ಬಿಟ್ಟಳು.

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬ ಬಂತು. ಗುರುಮಲ್ಲಪ್ಪ ತೆಂಗಿನಿಂದ ಎಳನೀರ ಗೊನೆ ಇಳಿಸಿದ. ಒಳಮನೆಯಲ್ಲಿ ಬಾಳೆಲೆ ಹಾಸಿ ತೀರಿಹೋದ ಅಪ್ಪ, ಅವ್ವ, ಅಣ್ಣನಿಗೆ ಸಾಲಾಗಿ ಎಡೆ ಇಡಲು ಕೂತ. ಪುಟ್ಟಬಸಮ್ಮ ಸಾಲಿನ ಕೊನೆಗೆ ಇನ್ನೊಂದು ಎಲೆ ಹಾಸಿದಳು. ಅವನು ಆ ಎಲೆಯನ್ನೇ ನೋಡುತ್ತ ಕೂತು, ಆಮೇಲೆ ಮೆಲ್ಲಗೆ ಅದನ್ನು ಮಡಿಸಿದ.

"ಬ್ಯಾಡ ಕನಮ್ಮಿ. ಮದ್ವ ಆಗ್ದೆ ಓದ ಮಗೀಗ ನಮ್ಮನೇಲಿ ಸಾಲ್ನಾಗ ಎಡೆ ಇಕ್ಕಲ್ಲ. ನಮ್ಮಪ್ಪನ ಕಾಲ್ದಿಂದ್ಲೂ ಇಲ್ಲ."

"ಅಂಗಾರ ಅವ್ಳು ಯಾರ ಮನೇಲಿ ಉಣ್ಬೇಕು? ಏಳು, ಯಾರ ಮನೇಲಿ?"

ಮಡಿಸಿದ ಎಲೆಯನ್ನು ಅವನ ಕೈಯಿಂದ ಕಿತ್ತುಕೊಂಡು, ಉಳಿದ ಎಳನೀರ ಗೊನೆಯನ್ನು ಸೊಂಟಕ್ಕಾನಿಸಿಕೊಂಡು ಅವಳು ಹಿತ್ತಲಿಗೆ ಹೋದಳು. ತೊಟ್ಟಿಯ ಪಕ್ಕ ಎಲೆ ಹಾಸಿದಳು. ಅನ್ನ, ಪಾಯಸ, ಕಜ್ಜಾಯ ಬಡಿಸಿ ಊದಿನಕಡ್ಡಿ ಹಚ್ಚಿದಳು. ಎಳನೀರು ಕೆತ್ತಿ, ಮಗಳ ಆ ಹಳೆಯ ಪಿಳ್ಳೆಯನ್ನೇ ತಂದು, ತೊಟ್ಟು ತೊಟ್ಟಾಗಿ ನೀರಿಗೆ ಬಿಡತೊಡಗಿದಳು. ಮಗಳು ಹೇಳಿದ್ದು ಅವಳಿಗೆ ಮರೆತಿರಲಿಲ್ಲ. ಆದರೆ ಎಡೆಯ ಮುಂದೆ ಕೂತು ಹಾಗೆ ಒಂದೊಂದೇ ತೊಟ್ಟು ಬಿಡುವಾಗ ನಾಚಿಕೆಯಾಯಿತು. ಹಿರಿಯರ ಹಬ್ಬದಲ್ಲಿ ಬಡಿಸುವ ಕೈ ಬಿಗಿಯಾಗಿರಬಾರದು. ತೀರಿಕೊಂಡವರಿಗೆ ಸಾಕು ಎನ್ನಲು ಬಾಯಿಲ್ಲ, ಆದ್ದರಿಂದ ತುಂಬಿ ತುಳುಕುವಷ್ಟು ಇಡಬೇಕು. ಅತ್ತೆ ಅವಳಿಗೆ ಹಾಗೆಯೇ ಕಲಿಸಿದ್ದಳು. ವರ್ಷಕ್ಕೊಮ್ಮೆ ಉಣ್ಣಲು ಬಂದ ಮಗಳಿಗೆ, ಸಾಲಿನಲ್ಲಿ ಜಾಗವೂ ಸಿಗದ ಮಗಳಿಗೆ, ಪಿಳ್ಳೆಯಲ್ಲಿ ಅಳೆದು ಬಡಿಸುವುದೇ? ಪಿಳ್ಳೆ ಎಸೆದಳು. ಬುರುಡೆಯನ್ನೇ ಬಗ್ಗಿಸಿದಳು. ಇನ್ನೊಂದು ಕೆತ್ತಿದಳು, ಮತ್ತೊಂದು, ಗೊನೆ ಬರಿದಾಗುವ ತನಕ.

"ಉಣ್ಣವ್ವ" ಎನ್ನುತ್ತಿದ್ದಳು. "ಒಟ್ಟೆ ತುಂಬ ಉಣ್ಣು."

ಮರುದಿನ ತೊಟ್ಟಿ ನಿಜಕ್ಕೂ ಹಸಿರೇರಿತು. ಮೋಡವೂ ಸರಿದು ಬಿಸಿಲು ಬಿದ್ದಿತ್ತು. ಪುಟ್ಟಬಸಮ್ಮ ಹೊಲದ ತನಕ ಓಡಿಹೋಗಿ, "ಉಂಡವ್ಳ ಕನಾ, ನಮ್ಮ ಮಗ್ಳು ಉಂಡವ್ಳ! ಬಂದು ನೋಡು" ಎಂದು ಗಂಡನನ್ನು ಕರೆದಳು. ಅವನು ಬಂದು ನೋಡಿದ. ತಲೆಯಾಡಿಸಿದ. ಅವತ್ತು ಇಬ್ಬರೂ ಒಟ್ಟಿಗೆ ಕೂತು ಊಟ ಮಾಡಿದರು. ಎಷ್ಟೋ ತಿಂಗಳಲ್ಲಿ ಅದೇ ಮೊದಲು.

ಅದರ ಮುಂದಿನ ದಿನ ನೊರೆಯೆದ್ದಿತು. ಎಷ್ಟು ಕಲಕಿದರೂ ನೊರೆ ಅಡಗಲಿಲ್ಲ. ಹುಳಿ ವಾಸನೆ ಬಂತು. ಆಮೇಲೆ ಹಸಿರೆಲ್ಲ ಅಡಿಗಿಳಿದು, ಬಿಳಿ ಬಟ್ಟೆಗೆ ಹಾಕುವ ನೀಲಿ ಕದಡಿದಂತೆ ನೀರೆಲ್ಲ ನೀಲಿಯಾಯಿತು. ಇದೇನು ಚಂದ ಎಂದು ಅವಳು ಒಂದು ಗಳಿಗೆ ಬೆರಗಾಗಿ ನಿಂತದ್ದೂ ಉಂಟು, ಪಾಪ. ಪಾಚಿ ಸತ್ತು ಒಡೆದಾಗ ಅದರ ಒಡಲಿನ ನೀಲಿ ಹೊರಗೆ ಬರುತ್ತದೆ ಎಂದು ಅವಳಿಗೆ ಯಾರು ಹೇಳಬೇಕು? ನೀಲಿ ಕಂದಾಯಿತು, ಕಂದು ಕೊಳೆಯಿತು. ಗುರುಮಲ್ಲಪ್ಪ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು, "ಸುರಿದ್ಬುಡ್ಲಾ?" ಎಂದು ಕೇಳಿದ. ಅವಳು ತೊಟ್ಟಿಗೆ ಅಡ್ಡವಾಗಿ ಕೂತಳು.

ಹಾಸನೂರಿನಲ್ಲಿ ಮಾಲಿನಿ ಎಂಬ ಹುಡುಗಿ ಇದ್ದಳು, ಶ್ವೇತಳ ಜೊತೆ ಓದಿದವಳು. ಆ ಬಾಟಲಿಯ ಜೋಡಿಯೊಂದು ಅವಳ ಹತ್ತಿರ ಇದ್ದದ್ದು ನೆನಪಾಗಿ ಪುಟ್ಟಬಸಮ್ಮ ಬಸ್ಸು ಹತ್ತಿದಳು. ಮಾಲಿನಿ ಅವಳನ್ನು ಕಂಡವಳೇ ಅತ್ತಳು. ಅತ್ತು ಮುಗಿಸಿ ಎಲ್ಲವನ್ನೂ ಕೇಳಿದಳು.

"ಎಳನೀರು ಎಷ್ಟು ಹಾಕಿದ್ರಿ ಅಮ್ಮ?"

"ಗೊನೆ."

"ಇಡೀ ಗೊನೆನಾ?" ಎಂದುಬಿಟ್ಟಳು ಹುಡುಗಿ. ಅಷ್ಟು ಸಾಕಾಗಿತ್ತು. ಯಾರು ಕೊಂದರೆಂದು ಪುಟ್ಟಬಸಮ್ಮನಿಗೆ ತಿಳಿಯಿತು. ತನ್ನ ಬಾಟಲಿಯನ್ನು ಓದು ಮುಗಿದಾಗಲೇ ಚೆಲ್ಲಿಬಿಟ್ಟೆ ಎಂದಳು ಮಾಲಿನಿ. ಕಾಲೇಜಿನಲ್ಲಿ ಪ್ರತಿ ವರ್ಷ ಹೊಸದು ತರಿಸುತ್ತಾರೆ, ಬೇಕಾದರೆ ಕೇಳಿ ತಂದುಕೊಡುತ್ತೇನೆ, ಅದೇ ಜಾತಿಯದು ಎಂದಳು.

"ಜಾತಿ ಅದೇ ಇರ್ಬೋದು ಕನವ್ವ. ನನ್ನ ಮಗ್ಳು ಮಡ್ಲಲ್ಲಿ ಇಟ್ಕಂಡ್ ಬಂದಿದ್ದಲ್ವಲ್ಲ."

ಮಾಲಿನಿ ಅವಳ ಕೈ ಹಿಡಿದುಕೊಂಡಳು. "ಊರಲ್ಲಿ ಯಾರಿಗಾದ್ರೂ ಕೊಟ್ಟಿರ್ತೀರಲ್ಲಮ್ಮ? ಶ್ವೇತ ಯಾವಾಗ್ಲೂ ಹೇಳ್ತಿದ್ಲು, ನಮ್ಮವ್ವ ಹೆಪ್ಪು ಕೇಳ್ದೋರ್ಗೆ ಇಲ್ಲ ಅನ್ನಲ್ಲ, ನಮ್ಮೂರಲ್ಲಿ ಇದು ಉಳ್ಕೊಳ್ತದೆ ಅಂತ."

ವಾಪಸು ಬಸ್ಸಿನಲ್ಲಿ ಪುಟ್ಟಬಸಮ್ಮ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಕಾಡು ಹಿಂದಕ್ಕೆ ಓಡುತ್ತಿತ್ತು. ಆಗ ಥಟ್ಟನೆ ಆ ಸರಿದ ಕಲ್ಲು ನೆನಪಾಯಿತು. ಆ ಹಸಿರು ಹನಿಗಳು. ಯಾರೋ ಕದ್ದಿದ್ದರು! ಯಾರ ಮನೆಯಲ್ಲೋ ಅದು ಇದೆ! ಅವಳು ಸೀಟಿನಲ್ಲೇ ನೆಟ್ಟಗಾದಳು. ಮಾದೇಶ್ವರನಿಗೆ ಹರಕೆ ಹೊತ್ತಳು. ಕಳವು ಸುಳ್ಳಾಗದಿರಲಪ್ಪ, ಕದ್ದವರ ಕೈ ತಣ್ಣಗಿರಲಪ್ಪ ಎಂದು ತಾನೇ ಶಾಪ ಹಾಕಿದ ಬಾಯಲ್ಲಿ ಬೇಡಿಕೊಂಡಳು.

ಊರಿಗೆ ಬಂದವಳು ಮನೆಗೂ ಹೋಗದೆ ಬಾಗಿಲು ಬಾಗಿಲಿಗೆ ಹೋದಳು. "ಬೈಯಲ್ಲ ಕನವ್ವ, ಆಣೆ ಮಾಡ್ತೀನಿ. ತಕಂಡಿದ್ರ ಏಳಿ. ಒಂದು ಚೊಂಬು ಕೊಡಿ ಸಾಕು." ಜಿಪುಣಿ ಪುಟ್ಟಬಸಮ್ಮ ಬೇಡಲು ಬಂದಿದ್ದಾಳೆಂದು ಕೆಲವರು ಒಳಗೊಳಗೇ ಹಿಗ್ಗಿರಬಹುದು. ಆದರೆ ಅವಳ ಮುಖ ನೋಡಿದ ಮೇಲೆ ಯಾರಿಗೂ ನಗು ಬರಲಿಲ್ಲ. ಯಾರ ಹತ್ತಿರವೂ ಇರಲಿಲ್ಲ. ದೀಪ ಹಚ್ಚುವ ಹೊತ್ತಾಯಿತು. ಕೊನೆಗೆ ಉಳಿದದ್ದು ಎದುರು ಮನೆ.

ವೆಂಕಟಮ್ಮ ಅವಳನ್ನು ಕಂಡು ಬಾಗಿಲನ್ನು ಅರ್ಧ ಮುಚ್ಚಿದಳು. ಒಳಗೆ ಹೊಸ ತೊಟ್ಟಿಲು ತೂಗುತ್ತಿತ್ತು. ಸೊಸೆಗೆ ಗಂಡುಮಗುವಾಗಿ ಇನ್ನೂ ಬಾಣಂತನ ಮುಗಿದಿರಲಿಲ್ಲ.

"ಮಗೀನ ಏನೂ ಅನ್ಬ್ಯಾಡ ಕನಕ್ಕ" ಎಂದಳು ವೆಂಕಟಮ್ಮ, ಕೇಳುವ ಮೊದಲೇ. "ನಾನೇ ತಕಂಡಿದ್ದು. ನೀನು ಇಲ್ಲ ಅಂದಿದ್ಕ ಒಟ್ಟೆ ಉರೀತು. ಶ್ವೇತವ್ವ ನಂಗ ಮಾತು ಕೊಟ್ಟಿತ್ತಲ್ಲ, ನಂದೇ ತಾನೆ ಅಂತ ತಕಂಡೆ."

ಪುಟ್ಟಬಸಮ್ಮನ ಮುಖ ಬೆಳಗಿತು. ನೆಲಕ್ಕೆ ಬಾಗಿ ವೆಂಕಟಮ್ಮನ ಕಾಲು ಮುಟ್ಟಲು ಹೋದಳು. "ನಿನ್ನ ಮೊಮ್ಮಗ ನೂರು ವರ್ಸ ಬಾಳಲಿ ಕನವ್ವ. ಎಲ್ಲದ? ಎಲ್ಲಿಟ್ಟಿದ್ದೀಯ?"

ವೆಂಕಟಮ್ಮ ಹಿಂದಕ್ಕೆ ಸರಿದಳು. ಅವಳ ಕಣ್ಣಲ್ಲಿ ನೀರು ತುಂಬಿತು.

"ಕೊಟ್ಟಿಗೆ ಇಂದ್ಗಡೆ ಕಲ್ಲುಬಾನೀಲಿ ಇಟ್ಟಿದ್ದೆ. ನೀನು ಮಣ್ಣು ತೂರಿ ಅಂಗ ಅಂದ ಮ್ಯಾಲ ಎಂಗ ಮಡಿಕಳಾದಕ್ಕ? ಸೊಸ ತುಂಬಿದ್ ಬಸ್ರಿ. ಅವತ್ತೇ ತಿಪ್ಪೆಗ ಸುರಿದ್ಬುಟ್ಟೆ."

ಒಳಗೆ ತೊಟ್ಟಿಲು ಕೀರುಗುಟ್ಟುತ್ತಿತ್ತು. ವೆಂಕಟಮ್ಮ ಬೈಗುಳಕ್ಕೆ ಕಾದಳು. ಪುಟ್ಟಬಸಮ್ಮ ಬೈಯಲಿಲ್ಲ.

"ನಿಮ್ಮ ಬಾನೀಲಿ ಎಂಗಿತ್ತು?" ಎಂದು ಕೇಳಿದಳು.

"ಚೆನ್ನಾಗಿತ್ತು ಕನಕ್ಕ. ನಿಮ್ಮ ತೊಟ್ಟಿಗಿಂತ್ಲೂ ಅಸ್ರಾಗಿತ್ತು."

ಪುಟ್ಟಬಸಮ್ಮ ಕೊಟ್ಟಿಗೆಯ ಹಿಂದಕ್ಕೆ ಹೋದಳು. ಮಬ್ಬು ಬೆಳಕಿನಲ್ಲಿ ಕಲ್ಲುಬಾನಿಯ ಅಂಚನ್ನು ಬೆರಳಿನಿಂದ ಸುತ್ತಲೂ ಸವರಿ ನೋಡಿದಳು, ಒಂದಿಷ್ಟಾದರೂ ಹಸಿರು ಅಂಟಿಕೊಂಡಿದೆಯೇ ಎಂದು. ಹಸು ಅದನ್ನು ನೆಕ್ಕಿ ನುಣ್ಣಗೆ ಮಾಡಿತ್ತು.